ದೇವರಿಗೆ ತೂರುವ ಉಣ್ಣೆ, ಬದುವಿಗೆ ಎಸೆಯುವ ಉಣ್ಣೆ

ಚಿಕ್ಕೋಡಿ–ನಿಪ್ಪಾಣಿ ಬಸ್ಸಿನಾಗ ಕುಂತು ಕೇಳ್ತಿದ್ರೂ ಸರಿ, ಪುಣೆಯ ರೂಮಿನಾಗ ಮಲಗಿ ಕೇಳ್ತಿದ್ರೂ ಸರಿ, ಮೊದಲು ಒಂದು ಪ್ರಶ್ನೆ. ನಿಮ್ಮ ಮನೆ ಬಾಗಿಲಿಗೆ ಅಕ್ಕನೋ ಅತ್ತೆಯೋ ಹೆಣೆದ ಉಲ್ಲನ್ ತೋರಣ ಇದೆಯಲ್ಲ, ಅದರೊಳಗ ಉಣ್ಣೆ ಎಷ್ಟೈತಿ?

ಬಹಳಷ್ಟು ಮನೆಗಳಲ್ಲಿ ಉತ್ತರ ಸೊನ್ನೆ. ಅಂಗಡಿಯಲ್ಲಿ ಉಲ್ಲನ್ ಅಂತ ಸಿಗೋ ದಾರದ ಉಂಡೆ ಹೆಚ್ಚಾಗಿ ಅಕ್ರಿಲಿಕ್. 1950ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಆರ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ನೂಲಿನ ಸಂಬಂಧಿ ಅದು. ಕುರಿಗೂ ಅದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಉಳಿದಿದೆ.

ಹಂಗಾದ್ರ ನಮ್ಮ ಕುರಿಯ ಉಣ್ಣೆ ಎಲ್ಲಿ ಹೋಯ್ತು? ಇವತ್ತಿನ ಎಪಿಸೋಡ್ ಅದರ ಬಗ್ಗೆ.

ನಮ್ಮ ಗಡಿ ಸೀಮೆಯ ಹಳೆಯ ತಳಿ ಡೆಕ್ಕನಿ ಕುರಿ. ಕಪ್ಪು ಮೈ, ಒರಟು ಉಣ್ಣೆ. ವರ್ಷಕ್ಕೆ ಎರಡು ಸಲ ಕತ್ತರಿಸಿದರೆ ಒಂದು ಕುರಿಯಿಂದ ಒಟ್ಟು ಸುಮಾರು ಅರ್ಧ ಕಿಲೋ ಬರುತ್ತೆ. ಸ್ವೆಟರ್ ಹೆಣೆಯುವ ಮೆರಿನೋ ಉಣ್ಣೆಯ ಎಳೆ 24 ಮೈಕ್ರಾನ್‌ಗಿಂತ ತೆಳು. ನಮ್ಮ ಕುರಿಯದು ಸಾಮಾನ್ಯವಾಗಿ 30ಕ್ಕಿಂತ ದಪ್ಪ, ಮೈಗೆ ಚುಚ್ಚುತ್ತೆ. ಅದಕ್ಕೇ ನಮ್ಮ ಹಿರಿಯರು ಇದನ್ನ ಹೆಣೆಯಲಿಲ್ಲ, ನೇಯ್ದರು. ಈ ಕಡೆ ಅದು ಕಂಬಳಿ, ಹೊಳೆ ದಾಟಿ ಕೊಲ್ಹಾಪುರದ ಕಡೆ ಹೋದ್ರ ಘೊಂಗಡಿ.

ಕೆಲಸ ಹಂಚಿಕೆ ಆಗಿತ್ತು. ಗಂಡಸರು ಕತ್ತರಿಸೋರು, ಹೆಂಗಸರು ಉಣ್ಣೆ ಬಿಡಿಸಿ ರಾಟಿಯಲ್ಲಿ ನೂಲೋರು, ಗಂಡಸರು ಕುಣಿಮಗ್ಗದಲ್ಲಿ ಕುಂತು ನೇಯೋರು. ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಚ್ಚಿ ನೂಲು ಬಿಗಿ ಮಾಡೋರು. ಒತ್ತಾಗಿ ನೇಯ್ದ ಆ ಕಂಬಳಿ ಮಳೆಯನ್ನ ಬೇಗ ಒಳಗೆ ಬಿಡೋದಿಲ್ಲ. ಕುರಿ ಹಿಂದೆ ಊರೂರು ತಿರುಗೋರಿಗೆ ಅದೇ ರೇನ್‌ಕೋಟ್, ಅದೇ ಹಾಸಿಗೆ.

1884ರ ಬೆಳಗಾವಿ ಗೆಜೆಟಿಯರ್ ತೆಗೆದು ನೋಡಿದರೆ ಕುರುಬರ ಕಸುಬು ಅಂತ ಕುರಿ ಸಾಕಣೆ, ಕಂಬಳಿ ನೇಯ್ಗೆ ಎರಡೂ ಸಿಗ್ತಾವು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಇನ್ನೊಂದು ವಿಷಯ ಇದೆ. ಕುರುಬರಲ್ಲಿ ಹತ್ತಿ ಕಂಕಣದವರು, ಉಣ್ಣೆ ಕಂಕಣದವರು ಅಂತ ಎರಡು ಪಂಗಡ. ಮದುವೆಯಲ್ಲಿ ಕೈಗೆ ಕಟ್ಟೋ ಕಂಕಣ ಯಾವ ನೂಲಿನದು ಅನ್ನೋದರ ಮೇಲೆ ಆ ಹೆಸರು. ಒಂದು ನೂಲು ಒಬ್ಬರ ಗುರುತೇ ಆಗೋದು ಅಂದ್ರ ಸಣ್ಣ ಮಾತಲ್ಲ.

ಈ ಸೀಮೆಯ ದೊಡ್ಡ ಹೆಸರು ಬಾಳುಮಾಮಾ. 1892ರಲ್ಲಿ ನಿಪ್ಪಾಣಿ ಹತ್ತಿರದ ಅಕ್ಕೋಳದಲ್ಲಿ ಹುಟ್ಟಿದರು, ಕುರಿ ಕಾಯ್ತಾ ಗಡಿಯ ಎರಡೂ ಕಡೆ ತಿರುಗಿದರು, 1966ರಲ್ಲಿ ತೀರಿಕೊಂಡರು. ಸಮಾಧಿ ಆದಮಾಪುರದಲ್ಲಿದೆ. ಅವರ ಹೆಸರಿನ ಕುರಿ ಹಿಂಡುಗಳು ಇವತ್ತಿಗೂ ಊರೂರು ನಡೀತಾವೆ, ತಮ್ಮ ಹೊಲದಾಗ ತರುಬಲಿ ಅಂತ ರೈತರು ಕಾಯ್ತಾರೆ.

ಇನ್ನು ಪಟ್ಟಣಕೊಡೋಲಿ ಜಾತ್ರೆ. ದಸರಾ ಆದ ಮೇಲೆ ವಿಠ್ಠಲ ಬೀರದೇವರ ಮುಂದೆ ಭಂಡಾರ, ಕೊಬ್ಬರಿ ಜೊತೆಗೆ ಉಣ್ಣೆಯನ್ನೂ ತೂರ್ತಾರೆ. ಅಲ್ಲಿ ಉಣ್ಣೆ ಅಂದ್ರ ಪ್ರಸಾದ.

ಈಗ ಹೊಲದ ಕಥೆ ಕೇಳ್ರಿ. ಹೋದ ವರ್ಷ ಅಥಣಿ ಕಡೆ ಕುರಿ ಕತ್ತರಿಸೋದನ್ನ ನೋಡಾಕ ಹೋಗಿದ್ದೆ. ಕತ್ತರಿಸಿದ ಉಣ್ಣೆ ಬದುವಿನ ಮೇಲೆ ಬಿದ್ದಿತ್ತು, ಗಾಳಿಗೆ ಮುಳ್ಳುಕಂಟಿಗೆ ಹತ್ಕೊಂಡಿತ್ತು. "ಯಾಕ್ ಕಾಕಾ, ಮಾರೂದಿಲ್ಲೇನ್?" ಅಂದೆ. "ತಮ್ಮಾ, ಕತ್ತರಿಸೋ ಕೂಲೀನೂ ಅದರಾಗ ಹುಟ್ಟಂಗಿಲ್ಲ. ಬಿಟ್ರ ಕುರಿ ಸೆಕಿಗೆ ಸೊರಗ್ತಾವು. ಅದಕ್ಕ ರೊಕ್ಕಾ ಕೊಟ್ಟು ಕತ್ತರಸ್ತೀನಿ" ಅಂದರು.

ನಾನು ಬಿ.ಕಾಂ. ಕಾಸ್ಟಿಂಗ್ ಪೇಪರ್‌ನಾಗ ಉಪ ಉತ್ಪನ್ನ, ತ್ಯಾಜ್ಯ ಅಂತ ಓದಿದ್ದೆ. ಆವತ್ತು ಅರ್ಥ ಆಯ್ತು. ಒಂದು ಕಾಲದ ಆದಾಯ ಈಗ ಖರ್ಚಿನ ಕಾಲಮ್ಮಿಗೆ ಬಂದಿದೆ.

ಯಾಕೆ? ಪಾಣಿಪತ್ತಿನಿಂದ ಹಳೆ ಬಟ್ಟೆಯ ನೂಲಿನ ಅಗ್ಗದ ಬ್ಲ್ಯಾಂಕೆಟ್ ಬಂತು. ಪ್ಲಾಸ್ಟಿಕ್ ಹಾಳೆ ಬಂತು. ನೀರಾವರಿ ಬಂದು ಕಬ್ಬು ಹಬ್ಬಿತು, ಮೇಯೋ ಜಾಗ ಕಡಿಮೆ ಆಯ್ತು. ಮಟನ್ ರೇಟು ಏರಿತು. ಅಥಣಿಗೆ ಹೊಂದಿಕೊಂಡ ಜತ್ತ ತಾಲೂಕಿನ ಮಾಡಗ್ಯಾಳ ಕುರಿ ಎತ್ತರ, ತೂಕ ಜಾಸ್ತಿ, ಉಣ್ಣೆ ಕಡಿಮೆ. ಮಾಂಸಕ್ಕೆ ಅದೇ ಲಾಭ ಅಂತ ಕುರಿಗಾರರು ಆ ಕಡೆ ವಾಲಿದರು. ಅವರದು ತಪ್ಪಲ್ಲ, ಅವರ ಜಾಗದಾಗ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಆದರೆ ಕರಿ ಕುರಿ ಹೋದರೆ ಕರಿ ಉಣ್ಣೆ ಹೋಯ್ತು, ಜೊತೆಗೆ ನೂಲೋ ಕೈ, ಕುಣಿಮಗ್ಗ ಎಲ್ಲಾ ಹೋಯ್ತು.

2025ರಲ್ಲಿ ಇದೇ ಡೆಕ್ಕನಿ ಉಣ್ಣೆಯಿಂದಲೇ ಗೊಂಬೆ ಮಾಡಿ ತೆಗೆದ 'ದೇಸಿ ಊನ್' ಅನ್ನೋ ಕಿರುಚಿತ್ರಕ್ಕೆ ಫ್ರಾನ್ಸಿನ ಆನೆಸಿ ಅನಿಮೇಶನ್ ಉತ್ಸವದಲ್ಲಿ ಪ್ರಶಸ್ತಿ ಬಂತು. ಖುಷಿ ಆಯ್ತು. ಆದರೆ ಪ್ರಶಸ್ತಿಯಿಂದ ಕಾಕಾನ ಕೂಲಿ ಲೆಕ್ಕ ಬದಲಾಗೋದಿಲ್ಲ. ಚಾಪೆ, ಗಾದಿ, ಚೀಲ, ಹೀಗೆ ಒರಟು ಉಣ್ಣೆಗೆ ಒಪ್ಪುವ ಸಾಮಾನು ಕೊಳ್ಳೋರು ಬೇಕು.

ನಮ್ಮ ಆಯಿಯ ಕರಿ ಕಂಬಳಿ ಇನ್ನೂ ಟ್ರಂಕಿನಾಗ ಐತಿ. ಮನೆಯಲ್ಲಿ ಪೂಜೆ ಇದ್ರ ಅದನ್ನೇ ಹಾಸ್ತೀವಿ. ಅದನ್ನ ನೇಯ್ದ ಮನೆಯಲ್ಲಿ ಈಗ ಮಗ್ಗ ಇಲ್ಲ. ಕುಣಿ ಮುಚ್ಚಿ ಫರಸಿ ಹಾಕಿಸ್ಯಾರ.

ನಿಮ್ಮ ಮನೆಯಾಗೂ ಒಂದು ಕಂಬಳಿ ಇರಬಹುದು. ಯಾರು ನೇಯ್ದದ್ದು ಅಂತ ಹಿರಿಯರನ್ನ ಕೇಳ್ರಿ, ಅವರ ಉತ್ತರಾನ ವಾಯ್ಸ್ ನೋಟ್ ಮಾಡಿ ನನಗ ಕಳಸ್ರಿ. ಮುಂದಿನ ವಾರ ಸಿಗೋಣ.