ಬೇಟೆಯ ಹಾದಿಯಲ್ಲಿ ಹೆಣ್ಣು: ಬೇಲೂರಿನ ಬೇಟೆಗಾತಿಯೂ ಪುರಾಣದ ಕಾಳಿಕೆಯೂ

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡಿತು. ಅದರ ಹೊರಸೂರಿನ ಅಡಿಯಲ್ಲಿ ಓರೆಯಾಗಿ ನಿಂತಿರುವ ಮದನಿಕೆಯರ ಪೈಕಿ ದರ್ಪಣಸುಂದರಿಯನ್ನೂ ಶುಕಭಾಷಿಣಿಯನ್ನೂ ಅರಿಯದ ಕನ್ನಡಿಗರು ಕಡಿಮೆ. ಅದೇ ಸಾಲಿನಲ್ಲಿ ಒಬ್ಬ ಬೇಟೆಗಾತಿಯೂ ಇದ್ದಾಳೆ. ಆಕೆಯ ಇಕ್ಕೆಲಗಳಲ್ಲಿ ಪರಿವಾರದ ಕಿರು ಆಕೃತಿಗಳಿವೆ. ಒಂದರ ಹೆಗಲ ಮೇಲೆ ಬಿದಿರ ದಬ್ಬೆ. ಅದರ ತುದಿಗಳಲ್ಲಿ ಬೇಟೆಯಲ್ಲಿ ಬಿದ್ದ ಜಿಂಕೆ ಮತ್ತು ಕೊಕ್ಕರೆಯನ್ನು ಕಟ್ಟಿ ತೂಗಿಸಿದೆ. ಇನ್ನೊಂದರ ಕಾಲಿಗೆ ಮುಳ್ಳು ನಟ್ಟಿದೆ. ಕೆಳಗೆ ಕುಳಿತ ಮತ್ತೊಂದು ಆಕೃತಿ ಸೂಜಿಯಿಂದ ಆ ಮುಳ್ಳನ್ನು ತೆಗೆಯುತ್ತಿದೆ.

ಈ ಶಿಲ್ಪವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಓದಲಾಗುತ್ತದೆ. ಹೊಯ್ಸಳರ ನಾಡಿನಲ್ಲಿ ಹೆಂಗಸರು ಬೇಟೆಯಾಡುತ್ತಿದ್ದರು ಎಂಬುದಕ್ಕೆ ಇದೇ ನೇರ ಸಾಕ್ಷಿ ಎನ್ನುವವರು ಕೆಲವರು. ಇದು ಕೇವಲ ಶೃಂಗಾರದ ಸಂಕೇತ, ಮದನನ ಬಿಲ್ಲೇ ಇಲ್ಲಿ ಹೆಣ್ಣಿನ ಕೈಗೆ ಬಂದಿದೆ ಎನ್ನುವವರು ಇನ್ನು ಕೆಲವರು. ಎರಡನೆಯ ಓದಿಗೆ ‘ಮದನಿಕೆ’ ಎಂಬ ಹೆಸರೇ ಇಂಬು ಕೊಡುತ್ತದೆ. ಹಳಗನ್ನಡದ ‘ಬೇಟ’ ಎಂದರೆ ಒಲವು, ‘ಬೇಂಟೆ’ ಎಂದರೆ ಮೃಗಯೆ. ಈ ಎರಡು ಮಾತುಗಳ ಸಾಮೀಪ್ಯವೂ ಅದಕ್ಕೆ ನೆರವಾಗುತ್ತದೆ. ಆದರೆ ಶೃಂಗಾರವೇ ಉದ್ದೇಶವಾಗಿದ್ದರೆ ಮುಳ್ಳು ತೆಗೆಯುವ ಸೂಜಿಗೆ ಅಲ್ಲಿ ಕೆಲಸವಿರಲಿಲ್ಲ. ದಬ್ಬೆಯ ಎರಡು ತುದಿಗೆ ಬೇಟೆಯನ್ನು ಕಟ್ಟಿ ಹೊರುವ ಕ್ರಮವಾಗಲಿ, ಕಾಡಿನಲ್ಲಿ ನಡೆದ ಕಾಲಿನ ಪಾಡಾಗಲಿ ಅಲಂಕಾರಶಾಸ್ತ್ರದಿಂದ ಬಂದವಲ್ಲ; ಕಂಡವನ ಕೈಯಿಂದ ಬಂದವು. ಹಾಗೆಂದು ಮೊದಲನೆಯ ಓದನ್ನು ಪೂರ್ತಿ ಒಪ್ಪುವುದೂ ಆಗದು. ಬೇಟೆಯ ಸುತ್ತಲಿನ ಬದುಕು ಶಿಲ್ಪಿಗೆ ಗೊತ್ತಿತ್ತು ಎಂಬಷ್ಟನ್ನು ಈ ಕಲ್ಲು ಹೇಳುತ್ತದೆ. ನಡುವೆ ನಿಂತವಳು ಯಾರು ಎಂಬುದನ್ನು ಹೇಳುವುದಿಲ್ಲ.

ಹೆಸರಿನ ಪ್ರಶ್ನೆ ಇಲ್ಲಿ ಸಣ್ಣದಲ್ಲ. ಬೇಲೂರಿನ ಹಲವು ಮದನಿಕೆಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಹಾಗೆ ಉಳಿದುಬಂದಿದ್ದಾರೆ. ಕೆತ್ತಿಸಿಕೊಂಡವಳಿಗೆ ಹೆಸರಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 949-50ರ ಆ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಸಂಗತಿಯೊಡನೆ ಒಂದು ಹಂದಿಬೇಟೆಯ ಕಥೆಯೂ ಇದೆ. ಗಂಗ ಬೂತುಗನಿಂದ ಮಣಲೆರನು ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಹತ್ತನೆಯ ಶತಮಾನದ ನಾಯಿಯೊಂದರ ಹೆಸರು ಇಂದಿಗೂ ತಿಳಿದಿದೆ. ಹನ್ನೆರಡನೆಯ ಶತಮಾನದ ಬೇಟೆಗಾತಿಯ ಹೆಸರು ತಿಳಿಯದು. ಆಯುಧ ಹಿಡಿದ ಹೆಣ್ಣಿಗೆ ಕನ್ನಡ ನಾಡಿನ ಕಲ್ಲು ಹೆಸರು ಕೊಡಲಾರದೆ ಹೋಯಿತೆಂದು ಇದರಿಂದ ತೀರ್ಮಾನಿಸಬಾರದು. ಶ್ರವಣಬೆಳಗೊಳದ ವೀರಗಲ್ಲೊಂದರಲ್ಲಿ ಲೋಕವಿದ್ಯಾಧರನ ಮಡದಿ ಸಾವಿಯಬ್ಬೆ ಕುದುರೆಯೇರಿ, ಕತ್ತಿಯೆತ್ತಿ, ಆನೆಯ ಮೇಲಿನ ವೈರಿಯನ್ನು ಎದುರಿಸುತ್ತಿದ್ದಾಳೆ. ಆಕೆ ಶ್ರಾವಕಿ, ಬಗೆಯೂರಿನ ಕಾಳಗದಲ್ಲಿ ಮಡಿದವಳು. ಯುದ್ಧ ಹೆಣ್ಣಿಗೆ ಹೆಸರು ಕೊಟ್ಟಿದೆ, ಬೇಟೆ ಕೊಟ್ಟಿಲ್ಲ. ಭಾಷೆಯಲ್ಲಿಯೂ ಇದೇ ಸ್ಥಿತಿ. ‘ಬೇಡತಿ’ ಎಂಬ ಮಾತು ಮೊದಲು ಸೂಚಿಸುವುದು ಬೇಡರ ಹೆಣ್ಣನ್ನು, ಎಂದರೆ ಕುಲವನ್ನು. ಕೆಲಸವನ್ನು ಹೇಳಬೇಕಾದರೆ ‘ಬೇಟೆಗಾತಿ’ ಎಂದೇ ಹೇಳಬೇಕು.

ಅರಮನೆಯ ಬೇಟೆಯಲ್ಲಿ ಹೆಣ್ಣು ಇದ್ದಳೆಂಬುದಕ್ಕೆ ಇನ್ನೂ ಹಳೆಯ ಆಧಾರಗಳಿವೆ. ಚಂದ್ರಗುಪ್ತ ಮೌರ್ಯನ ಆಸ್ಥಾನವನ್ನು ಕಂಡ ಮೆಗಸ್ತನೀಸನ ಬರಹವು ಸ್ಟ್ರಾಬೋನ ಗ್ರಂಥದ ಮೂಲಕ ಉಳಿದಿದೆ. ಅದರ ಪ್ರಕಾರ ಅರಸನು ಬೇಟೆಗೆ ಹೊರಟಾಗ ಅವನನ್ನು ಹೆಂಗಸರು ಸುತ್ತುವರಿದಿರುತ್ತಿದ್ದರು. ಅವರ ಹೊರಗೆ ಈಟಿಯವರು. ದಾರಿಗೆ ಹಗ್ಗ ಎಳೆದಿರುತ್ತಿತ್ತು, ಅದನ್ನು ದಾಟಿ ಒಳಗೆ ಬಂದವರಿಗೆ ಸಾವೇ ಶಿಕ್ಷೆ. ಬೇಲಿಯೊಳಗಿನ ಬೇಟೆಯಲ್ಲಿ ಅಟ್ಟಣೆಯ ಮೇಲಿಂದ ಬಾಣ ಬಿಡುವ ಅರಸನ ಪಕ್ಕದಲ್ಲಿ ಆಯುಧ ಹಿಡಿದ ಇಬ್ಬರು ಮೂವರು ಹೆಂಗಸರು. ಉಳಿದವರು ರಥ, ಕುದುರೆ, ಆನೆಗಳ ಮೇಲೆ. ಕೌಟಿಲ್ಯನ ಅರ್ಥಶಾಸ್ತ್ರವು ಅರಸನ ಆತ್ಮರಕ್ಷಣೆಯ ಪ್ರಕರಣದಲ್ಲಿ, ಹಾಸಿಗೆಯಿಂದೆದ್ದ ಅರಸನನ್ನು ಮೊದಲು ಎದುರುಗೊಳ್ಳಬೇಕಾದವರು ಬಿಲ್ಲು ಹಿಡಿದ ಸ್ತ್ರೀಗಣದವರು ಎನ್ನುತ್ತದೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು ಬರುವಾಗ ಅವನ ಸುತ್ತ ಕಾಡುಹೂವಿನ ಮಾಲೆ ತೊಟ್ಟು ಬಿಲ್ಲು ಹಿಡಿದ ಯವನಿಯರಿದ್ದಾರೆ. ಮೂರು ಬೇರೆ ಬೇರೆ ಬಗೆಯ ಆಕರಗಳು ಒಂದೇ ದೃಶ್ಯವನ್ನು ಹೇಳುವಾಗ ಅದನ್ನು ಕವಿಕಲ್ಪನೆಯೆಂದು ತಳ್ಳಿಹಾಕುವುದು ಕಷ್ಟ.

ಆದರೆ ಇದನ್ನು ಸ್ತ್ರೀಸ್ವಾತಂತ್ರ್ಯದ ದಾಖಲೆಯಾಗಿ ಎತ್ತಿಹಿಡಿಯುವವರು ಸ್ಟ್ರಾಬೋನ ಅದೇ ಭಾಗದ ಇನ್ನೊಂದು ಮಾತನ್ನೂ ಓದಬೇಕು. ಅರಸನ ಮೈಗಾವಲಿನ ಈ ಹೆಂಗಸರನ್ನು ಅವರ ತಂದೆಯರಿಂದ ಕೊಂಡು ತರಲಾಗುತ್ತಿತ್ತು. ಅವರ ಕೈಯಲ್ಲಿ ಬಿಲ್ಲಿತ್ತು, ಬೇಟೆ ಮಾತ್ರ ಅವರದಾಗಿರಲಿಲ್ಲ. ಹೀಗೆ ಕಾವಲಿನ ನಡುವೆ ಬೇಟೆಯಾಡಿದ ಚಂದ್ರಗುಪ್ತನೇ ಕೊನೆಗೆ ಎಲ್ಲವನ್ನೂ ತೊರೆದು ಭದ್ರಬಾಹು ಮುನಿಗಳೊಡನೆ ಕಳ್ವಪ್ಪು ಬೆಟ್ಟಕ್ಕೆ ಬಂದನೆಂಬುದು ಜೈನ ಪರಂಪರೆಯ ನಂಬಿಕೆ. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಆ ಕಥೆಯನ್ನು ಕಿರುಚಿತ್ರಗಳಾಗಿ ಕೆತ್ತಿದವನ ಹೆಸರೂ ದಾಸೋಜ. ಬೇಲೂರಿನ ದಾಸೋಜನೂ ಇವನೂ ಒಬ್ಬನೇ ಎಂದು ಆರ್. ನರಸಿಂಹಾಚಾರ್ಯರು ಗುರುತಿಸಿದ್ದಾರೆ.

ಕಾವ್ಯದ ಕಡೆಗೆ ಬಂದರೆ ಹೊರಾಂಗಣವೇ ಎರಡಾಗಿ ಒಡೆದಿರುವುದು ಕಾಣುತ್ತದೆ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ಉದ್ಯಾನಕ್ರೀಡೆಯೂ ಜಲಕ್ರೀಡೆಯೂ ಇವೆ, ಮೃಗಯೆ ಇಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನ ಸಾಹಿತ್ಯದರ್ಪಣದ ಪಟ್ಟಿಯಲ್ಲಿ ಮೃಗಯೆ ಇದೆ. ಶಾಸ್ತ್ರವು ಹೇಳಲಿ ಬಿಡಲಿ, ಕವಿಗಳು ಬೇಟೆಯನ್ನು ಬಿಟ್ಟವರಲ್ಲ. ಕನ್ನಡ ಚಂಪೂಗಳಲ್ಲಿ ಬೇಟೆಯ ವರ್ಣನೆ ಸಾಕಷ್ಟಿದೆ. ಆದರೆ ಹೆಣ್ಣು ಮನೆಯಿಂದ ಹೊರಬರುವುದು ವನವಿಹಾರದಲ್ಲಿ. ಅಲ್ಲಿ ಅವಳು ಹೂ ಕೊಯ್ಯುತ್ತಾಳೆ, ನೀರಾಟವಾಡುತ್ತಾಳೆ, ಬಳಲುತ್ತಾಳೆ. ಆ ಬಳಲಿಕೆಯೂ ವರ್ಣನೆಯ ವಸ್ತುವೇ. ಬೆಟ್ಟ ಹತ್ತಿ ಮೃಗದ ಹೆಜ್ಜೆ ಹಿಡಿಯುವ ಬಳಲಿಕೆ ಗಂಡಸಿಗೆ ಮೀಸಲು. ಉದ್ಯಾನಕ್ಕೂ ಅಡವಿಗೂ ನಡುವೆ ಕವಿಸಮಯ ಹಾಕಿದ ಈ ಬೇಲಿಯನ್ನು ದಾಟಿ ನಿಂತವಳು ಶಬರಿ, ಕಿರಾತಿ, ಪುಳಿಂದಿ ಎಂಬ ಹೆಸರುಗಳಲ್ಲಿ ಬರುವ ಅಡವಿಯ ಹೆಣ್ಣೊಬ್ಬಳೇ.

ಅವಳಿಗೆ ದೊಡ್ಡ ಪೀಠ ದೊರೆತದ್ದು ಕಿರಾತಾರ್ಜುನ ಪ್ರಸಂಗದಲ್ಲಿ. ವ್ಯಾಸಭಾರತದ ವನಪರ್ವದಲ್ಲಿ ಶಿವನು ಬೇಡನ ವೇಷ ತಾಳಿ ಬರುವಾಗ ಉಮೆಯೂ ಅವನದೇ ವೇಷದಲ್ಲಿ, ಅವನದೇ ವ್ರತದಲ್ಲಿ ಜೊತೆಗಿದ್ದಾಳೆ. ಹಿಂದೆ ಸಾವಿರಾರು ಸ್ತ್ರೀಯರಿದ್ದಾರೆ. ಆದರೂ ಹಂದಿಯನ್ನು ಹೊಡೆದವರು ಯಾರು ಎಂಬ ಜಗಳ ನಡೆಯುವುದು ಇಬ್ಬರು ಗಂಡಸರ ನಡುವೆಯೇ.

ಜೈನ ಕಾವ್ಯಗಳು ಬೇಟೆಯನ್ನು ನೋಡುವ ಕಣ್ಣೇ ಬೇರೆ. ಕೌಟಿಲ್ಯನು ಮೃಗಯೆಯನ್ನು ವ್ಯಸನಗಳಲ್ಲಿ ಎಣಿಸಿದರೂ ಅದರಿಂದ ದೇಹಕ್ಕೆ ವ್ಯಾಯಾಮ, ಮೃಗಗಳ ಮನಸ್ಸಿನ ಅರಿವು ದೊರೆಯುತ್ತದೆಂದು ಜೂಜಿಗಿಂತ ಮೇಲಿಡುತ್ತಾನೆ. ಶ್ರಾವಕಾಚಾರದ ಸಪ್ತವ್ಯಸನಗಳಲ್ಲಿ ಬೇಟೆಗೆ ಅಂಥ ರಿಯಾಯಿತಿಯಿಲ್ಲ. ಅಷ್ಟೇ ಅಲ್ಲ, ಹಿಂಸೆಯನ್ನು ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಕೃತ, ಕಾರಿತ, ಅನುಮತಗಳಲ್ಲಿ ಯಾವುದಕ್ಕೂ ವಿನಾಯಿತಿಯಿಲ್ಲ. 959ರ ಸೋಮದೇವನ ಯಶಸ್ತಿಲಕವೂ 1209ರ ಜನ್ನನ ಯಶೋಧರಚರಿತೆಯೂ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪವೇ ಭವಭವಗಳಲ್ಲಿ ಬೆನ್ನಟ್ಟುವುದನ್ನು ತೋರಿಸುತ್ತವೆ. ಅಲ್ಲಿ ಬಲಿಗೆ ಒತ್ತಾಯಿಸಿದ ತಾಯಿ ಚಂದ್ರಮತಿಯೂ ಮಗನೊಡನೆ ಅದೇ ಭವಗಳನ್ನು ಅನುಭವಿಸುತ್ತಾಳೆ.

ಈ ಮೂರರ ಅಳತೆಗೋಲಿನಿಂದ ಮೊಗಲ್ ಇತಿಹಾಸದ ಒಂದು ಪ್ರಸಂಗವನ್ನು ಅಳೆಯಬಹುದು. ಜಹಾಂಗೀರನು ತನ್ನ ಆತ್ಮಕಥನದಲ್ಲಿ ನೂರ್‌ಜಹಾನಳ ಗುರಿಕಾರಿಕೆಯನ್ನು ಮನಸಾರೆ ಮೆಚ್ಚಿ ಬರೆದಿದ್ದಾನೆ. 1617ರಲ್ಲಿ ಆಕೆ ಆನೆಯ ಮೇಲಿನ ಅಂಬಾರಿಯಿಂದ ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಕೆಡವಿದಳು. 1619ರಲ್ಲಿ ಮಥುರೆಯ ಕಡೆ ಹುಲಿಯ ಕಾಟವೆಂದು ಜನರು ಮೊರೆಯಿಟ್ಟಾಗ ಜಹಾಂಗೀರನು ತನ್ನ ಕೈಯಿಂದ ಜೀವಿಗಳನ್ನು ಕೊಲ್ಲುವುದಿಲ್ಲವೆಂಬ ವ್ರತದಲ್ಲಿದ್ದನು. ಅವನು ಗುಂಡು ಹಾರಿಸಲು ನೂರ್‌ಜಹಾನಳಿಗೆ ಹೇಳಿದನು. ಹುಲಿಯ ವಾಸನೆಗೆ ಆನೆ ಒಂದೆಡೆ ನಿಲ್ಲದು. ಅಂಥ ಆನೆಯ ಮೇಲಿಂದ ಗುರಿಯಿಡುವುದು ನುರಿತವರಿಗೂ ಕಷ್ಟವೆಂದು ಅವನೇ ಹೇಳುತ್ತಾನೆ. ನೂರ್‌ಜಹಾನಳು ಒಂದೇ ಗುಂಡಿನಲ್ಲಿ ಕೆಲಸ ಮುಗಿಸಿದಳು. ಅವಳ ಕೌಶಲದಲ್ಲಿ ಅನುಮಾನವಿಲ್ಲ. ಬೇಟೆಯಾಡಿದ ಹೆಣ್ಣಿನ ಬಗ್ಗೆ ಇಷ್ಟು ಸ್ಪಷ್ಟವಾದ ಸಮಕಾಲೀನ ಬರಹ ನಮ್ಮ ಇತಿಹಾಸದಲ್ಲಿ ವಿರಳ. ಅರಸನ ವ್ರತವಾದರೋ ಕೃತವನ್ನಷ್ಟೇ ಬಿಟ್ಟಿತ್ತು. ಕಾರಿತವೂ ಅನುಮತವೂ ಆ ಬರಹದ ಮೆಚ್ಚುಗೆಯ ಮಾತಿನಲ್ಲಿಯೇ ಇವೆ.

ಇದಕ್ಕೆ ಎದುರಾಗಿ ನಿಲ್ಲುವವಳು ಮಹಾವೀರಸ್ವಾಮಿಯ ಭವಾವಳಿಯ ಮೊದಲ ಪುಟದಲ್ಲಿರುವ ಕಾಳಿಕೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಕಥೆಯಿದು. ಕನ್ನಡದ ವರ್ಧಮಾನ ಚರಿತೆಗಳಿಗೂ ಬೇರು ಅಲ್ಲಿಯೇ ಇದೆ. ವಿದೇಹಕ್ಷೇತ್ರದ ಪುಷ್ಕಲಾವತೀ ದೇಶದಲ್ಲಿ, ಪುಂಡರೀಕಿಣೀ ನಗರದ ಬಳಿ ಮಧುಕವೆಂಬ ಅಡವಿ. ಅಲ್ಲಿ ಪುರೂರವನೆಂಬ ಬೇಡರ ಒಡೆಯ, ಅವನ ಮಡದಿ ಕಾಳಿಕೆ. ಒಂದು ದಿನ ದಾರಿ ತಪ್ಪಿ ಅಲೆಯುತ್ತಿದ್ದ ಸಾಗರಸೇನ ಮುನಿಯನ್ನು ಪುರೂರವನು ದೂರದಿಂದ ಕಂಡು ಜಿಂಕೆಯೆಂದು ಬಗೆದು ಬಾಣ ಹೂಡಿದನು. ಕಾಳಿಕೆ ತಡೆದಳು. ಇವರು ಅಡವಿಯಲ್ಲಿ ಸಂಚರಿಸುವ ವನದೇವತೆಗಳು, ಕೊಲ್ಲಬೇಡ ಎಂಬುದು ಅವಳ ಮಾತಿನ ತಾತ್ಪರ್ಯ. ಬೇಡನು ಬಿಲ್ಲಿಳಿಸಿ ಮುನಿಯ ಬಳಿಗೆ ಹೋಗಿ ವಂದಿಸಿದನು. ಮಧು, ಮಾಂಸ, ಮದ್ಯಗಳ ತ್ಯಾಗವ್ರತವನ್ನು ಕೈಕೊಂಡು ಬದುಕಿರುವ ತನಕ ಪಾಲಿಸಿದನು. ಮುಂದೆ ಸೌಧರ್ಮಕಲ್ಪದಲ್ಲಿ ದೇವನಾಗಿ, ಅಲ್ಲಿಂದ ಬಂದು ಭರತಚಕ್ರಿಯ ಮಗ ಮರೀಚಿಯಾಗಿ ಹುಟ್ಟಿದನು.

ಈ ಕಥೆಯನ್ನು ಪಾಠ ಮಾಡುವಾಗ ವ್ರತದ ಮಹಿಮೆಗೆ ಒತ್ತು ಬೀಳುವುದು ಸಹಜ. ಅದಕ್ಕಿಂತ ಹಿಂದಿನ ಕ್ಷಣವು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಗಂಡನ ಬಾಣವನ್ನು ತಡೆಯಬೇಕಾದರೆ ಕಾಳಿಕೆ ಅವನ ಪಕ್ಕದಲ್ಲಿಯೇ ಇರಬೇಕು. ಅವನು ನೋಡಿದ ಕಡೆಗೇ ನೋಡುತ್ತಿರಬೇಕು. ಪೊದೆಯ ನಡುವೆ ಕದಲಿದ ಆಕೃತಿ ಮೃಗವೋ ಅಲ್ಲವೋ ಎಂದು ಬಾಣ ಬಿಡುವಷ್ಟರಲ್ಲಿ ಅರಿಯುವ ಕಣ್ಣು ಆಕೆಗಿರಬೇಕು. ಗುಡಿಸಲಲ್ಲಿ ಬೇಟೆಗಾಗಿ ಕಾದು ಕುಳಿತ ಹೆಣ್ಣಿನಿಂದ ಇದಾಗದು. ಪುರಾಣಕಾರನು ಅವಳ ಕೈಗೆ ಬಿಲ್ಲನ್ನು ಕೊಟ್ಟಿಲ್ಲ. ಬಿಲ್ಲು ಹಿಡಿದವನಿಗಿಂತ ನಿಚ್ಚಳವಾದ ನೋಟವನ್ನು ಕೊಟ್ಟಿದ್ದಾನೆ.

ಇನ್ನೊಂದು ಸೂಕ್ಷ್ಮವಿದೆ. ಕಾಳಿಕೆ ಕಂಡದ್ದು ಜೈನ ಮುನಿಯನ್ನಲ್ಲ, ತನ್ನ ಕಾಡಿನ ದೇವತೆಯನ್ನು. ಅವಳಿಗೆ ಧರ್ಮೋಪದೇಶವಾಗಿರಲಿಲ್ಲ, ಅಹಿಂಸೆಯ ತತ್ತ್ವ ಗೊತ್ತಿರಲಿಲ್ಲ. ಗಂಡನ ಗ್ರಹಿಕೆ ತಪ್ಪು, ಹೆಂಡತಿಯ ಗ್ರಹಿಕೆಯೂ ಪೂರ್ತಿ ಸರಿಯಲ್ಲ. ಆದರೆ ಒಂದು ತಪ್ಪು ಕೊಲೆಯತ್ತ ಒಯ್ಯುತ್ತಿತ್ತು, ಇನ್ನೊಂದು ಕೊಲೆಯನ್ನು ನಿಲ್ಲಿಸಿತು. ಬೇಡರ ಬದುಕಿನಲ್ಲಿಯೇ ಕೊಲ್ಲಬಾರದ್ದು ಎಂಬ ಒಂದು ಎಲ್ಲೆ ಇತ್ತು, ಅದನ್ನು ನೆನಪಿಸಿದವಳು ಹೆಣ್ಣು. ವ್ರತವು ಆ ಎಲ್ಲೆಯ ಮೇಲೆಯೇ ಬೇರೂರಿತು. ಅಡವಿಯವರನ್ನು ಬರಿಯ ಹಿಂಸಾಜೀವಿಗಳೆಂದು ಚಿತ್ರಿಸಿದ ಕಾವ್ಯಭಾಗಗಳ ನಡುವೆ ಗುಣಭದ್ರರ ಈ ನಾಲ್ಕಾರು ಶ್ಲೋಕಗಳು ಎದ್ದು ಕಾಣುವುದು ಇದರಿಂದ.

ಕಾಳಿಕೆಯ ಪಾತ್ರವು ಅಷ್ಟಕ್ಕೇ ಮುಗಿಯುತ್ತದೆ. ಪುರೂರವನ ಜೀವವನ್ನು ಹಿಂಬಾಲಿಸಿ ಪುರಾಣವು ಮರೀಚಿ, ತ್ರಿಪೃಷ್ಠ, ಸಿಂಹ, ನಂದರ ಭವಗಳನ್ನು ದಾಟಿ ಕುಂಡಪುರಕ್ಕೆ ಬರುತ್ತದೆ. ಅವುಗಳಲ್ಲಿ ಸಿಂಹದ ಭವವೂ ಬೇಟೆಯದೇ: ಮೃಗವೊಂದನ್ನು ಹಿಡಿದು ತಿನ್ನುತ್ತಿದ್ದ ಸಿಂಹವನ್ನು ಕಂಡು ಚಾರಣ ಮುನಿಗಳು ಆಗಸದಿಂದಿಳಿದು ಎಚ್ಚರಿಸುತ್ತಾರೆ. ಆ ಹೊತ್ತಿಗೆ ಅಡವಿಯಲ್ಲಿ ಪಕ್ಕದಲ್ಲಿ ನಿಂತು ತಡೆಯುವವರು ಯಾರೂ ಇರಲಿಲ್ಲ.