ಸಿಸೇರಿಯನ್ ನಂತರದ ನೋವು: ಯಾವ ಮಾತ್ರೆ, ಆಸ್ಪತ್ರೆಯಲ್ಲಿ ಎಷ್ಟು ದಿನ? ಬಾಣಂತಿಯ ಮನೆಯವರಿಗೆ ಗೊತ್ತಿರಬೇಕಾದ ವಿಷಯಗಳು

ಆಪರೇಷನ್ ಆದ ಎರಡನೇ ದಿನ. ನರ್ಸ್ ಕೊಟ್ಟುಹೋದ ಮಾತ್ರೆ ಹಾಸಿಗೆ ಪಕ್ಕದ ಮೇಜಿನ ಮೇಲೆಯೇ ಉಳಿದಿರುತ್ತದೆ. "ಮಾತ್ರೆ ಉಷ್ಣ, ಹಾಲು ಬತ್ತುತ್ತೆ, ಮಗುವಿಗೂ ಇಳಿಯುತ್ತೆ, ಸ್ವಲ್ಪ ತಡ್ಕೋ" ಎಂದು ಊರಿನಿಂದ ಬಂದ ಅಮ್ಮನೋ ಅತ್ತೆಯೋ ಹೇಳಿರುತ್ತಾರೆ. ಬಾಣಂತಿ ತಡೆದುಕೊಳ್ಳುತ್ತಾಳೆ. ಸಂಜೆ ಹೊತ್ತಿಗೆ ಎದ್ದು ಕೂರಲೂ ಆಗುವುದಿಲ್ಲ, ಮಗುವನ್ನು ಎದೆಗೆ ಹಾಕಿಕೊಳ್ಳಲೂ ಆಗುವುದಿಲ್ಲ. ಹಾಲು ಸಾಲುತ್ತಿಲ್ಲ ಎಂಬ ಗಾಬರಿ ಆಗ ಶುರುವಾಗುತ್ತದೆ. ಎಷ್ಟೋ ಸಲ ಈ ಗಾಬರಿಯ ಮೂಲ, ನುಂಗದೆ ಬಿಟ್ಟ ಆ ಮಾತ್ರೆಯೇ.

ಇದು ಅಪರೂಪದ ದೃಶ್ಯವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ 21.5ರಷ್ಟು ಸಿಸೇರಿಯನ್. ಕರ್ನಾಟಕದಲ್ಲಿ ಇದು ಶೇ 31.5, ತಮಿಳುನಾಡಿನಲ್ಲಿ ಶೇ 44.9, ತೆಲಂಗಾಣದಲ್ಲಿ ಶೇ 60.7. ಅಂದರೆ ಚೆನ್ನೈ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಆಪರೇಷನ್ ಈಗ ಮನೆಮನೆಯ ವಿಷಯ. ಆದರೆ ಹೊಲಿಗೆ ಹಾಕಿದ ನಂತರದ ಒಂದು ವಾರದ ಬಗ್ಗೆ ಯಾರೂ ಕೂತು ವಿವರಿಸುವುದಿಲ್ಲ.

ನೋವು ಒಂದೇ ಬಗೆಯದಲ್ಲ

ಸಿಸೇರಿಯನ್ ಎಂದರೆ ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪದರ, ಕೊನೆಗೆ ಗರ್ಭಕೋಶ ಹೀಗೆ ಹಲವು ಪದರಗಳನ್ನು ಕೊಯ್ದು ಮತ್ತೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆ. "ಈಗೆಲ್ಲ ಮಾಮೂಲು" ಎಂಬ ಮಾತಿನಲ್ಲಿ ಇದು ಮರೆತುಹೋಗುತ್ತದೆ. ಗಾಯದ ನೋವು ಕೆಮ್ಮಿದಾಗ, ನಕ್ಕಾಗ, ಹಾಸಿಗೆಯಿಂದ ಏಳುವಾಗ ಹೆಚ್ಚುತ್ತದೆ. ಗರ್ಭಕೋಶ ಸಂಕುಚಿಸುವಾಗ ಬರುವ ಹಿಂಡುವಂಥ ನೋವು ಬೇರೆ. ಹಾಲೂಡಿಸುವಾಗ ಇದು ಜೋರಾಗುತ್ತದೆ, ಎರಡನೇ ಮಗುವಿನ ಹೊತ್ತಿಗೆ ಇನ್ನಷ್ಟು. ಕರುಳು ಇನ್ನೂ ಸರಿಯಾಗಿ ಚಲಿಸದೆ ಗ್ಯಾಸ್ ತುಂಬಿದರೆ ಹೊಟ್ಟೆ ಉಬ್ಬರ, ಕೆಲವರಿಗೆ ಭುಜದವರೆಗೂ ನೋವು.

ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಕಾಡುವ ಬೆನ್ನುನೋವಿಗೆ ಇಂಜೆಕ್ಷನ್ ಕಾರಣ ಎನ್ನಲು ಆಧಾರವಿಲ್ಲ. ಮಗುವನ್ನು ಬಾಗಿ ಎತ್ತುವುದು, ಗರ್ಭಧಾರಣೆಯಲ್ಲಿ ಸಡಿಲವಾದ ಸ್ನಾಯುಗಳು ಹೆಚ್ಚಿನ ಪಾಲು ಕಾರಣ. ಆದರೆ ಎದ್ದು ಕೂತ ಕೂಡಲೇ ಜೋರಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಆ ಇಂಜೆಕ್ಷನ್‌ಗೆ ಸಂಬಂಧಿಸಿದ್ದಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಅರಿವಳಿಕೆ ವೈದ್ಯರಿಗೆ ತಿಳಿಸಬೇಕು.

ನೋವು ಬರುವ ಮುಂಚೆಯೇ ಮಾತ್ರೆ

ಆಪರೇಷನ್ ವೇಳೆ ಬೆನ್ನಿನ ಇಂಜೆಕ್ಷನ್ ಜತೆ ಸ್ವಲ್ಪ ಮಾರ್ಫಿನ್ ಸೇರಿಸಿದ್ದರೆ ಅದರ ಪರಿಣಾಮ 12ರಿಂದ 24 ಗಂಟೆ ಇರುತ್ತದೆ. ಮೈ ತುರಿಕೆ, ವಾಕರಿಕೆ ಅದರ ಸಾಮಾನ್ಯ ಅಡ್ಡಪರಿಣಾಮಗಳು. "ಮೊದಲ ದಿನ ಆರಾಮಾಗಿದ್ದಳು, ಎರಡನೇ ದಿನ ಯಾಕೋ ನರಳಲು ಶುರು ಮಾಡಿದಳು" ಎಂದು ಮನೆಯವರು ಹೇಳುವುದು ಇದೇ ಕಾರಣಕ್ಕೆ. ಇಂಜೆಕ್ಷನ್‌ನ ಪ್ರಭಾವ ಇಳಿಯುವ ಹೊತ್ತಿಗೆ ಮಾತ್ರೆ ಹೊಟ್ಟೆಯಲ್ಲಿರಬೇಕು.

ಇಲ್ಲಿ ಮುಖ್ಯವಾದದ್ದು ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್‌ನಂಥ ಉರಿಯೂತ ತಗ್ಗಿಸುವ ಔಷಧ. ಎರಡೂ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವುದರಿಂದ ಜತೆಯಾಗಿ ಕೊಟ್ಟರೆ ಒಂದಕ್ಕಿಂತ ಹೆಚ್ಚು ಪರಿಣಾಮ. ನೋವು ಬಂದಾಗ ಮಾತ್ರ ನುಂಗುವ ಬದಲು ಮೊದಲ ಎರಡು-ಮೂರು ದಿನ ಗಡಿಯಾರ ನೋಡಿ, ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು ಈಗಿನ ಪದ್ಧತಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಆಗ ಬಲವಾದ ಔಷಧವೇ ಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ನರ್ಸ್ ಎಬ್ಬಿಸಿದರೆ ಬೈಯುವಂತಿಲ್ಲ.

ಪ್ಯಾರಸಿಟಮಾಲ್ ಸಾಮಾನ್ಯವಾಗಿ ಆರು ಗಂಟೆಗೊಮ್ಮೆ. ವಯಸ್ಕರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಗರಿಷ್ಠ ಮಿತಿ, 50 ಕೆಜಿಗಿಂತ ಕಡಿಮೆ ತೂಕದವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಔಷಧಗಳನ್ನು ಊಟದ ನಂತರವೇ ತೆಗೆದುಕೊಳ್ಳಬೇಕು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಅಸ್ತಮಾ, ಹೆಚ್ಚು ರಕ್ತಸ್ರಾವ, ಪ್ಲೇಟ್‌ಲೆಟ್ ಕಡಿಮೆ ಇರುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ಹೇಳಬೇಕು. ಬಿಪಿ ಜಾಸ್ತಿಯಾಗಿ ಹೆರಿಗೆಯಾದವರಿಗೆ ಈ ಗುಂಪಿನ ಔಷಧ ಕೊಡುವುದೋ ಬೇಡವೋ ಎಂಬುದು ವೈದ್ಯರ ತೀರ್ಮಾನ.

ಒಂದು ಎಚ್ಚರಿಕೆ. ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಅನೇಕ ನೋವಿನ ಮಾತ್ರೆಗಳು ಎರಡು ಔಷಧಗಳ ಮಿಶ್ರಣ: ಅಸಿಕ್ಲೋಫೆನಾಕ್ ಜತೆ ಪ್ಯಾರಸಿಟಮಾಲ್, ಟ್ರಮಡಾಲ್ ಜತೆ ಪ್ಯಾರಸಿಟಮಾಲ್. ಬೆಳಿಗ್ಗೆ ಮಿಶ್ರಣದ ಮಾತ್ರೆ, ಮಧ್ಯಾಹ್ನ ಜ್ವರಕ್ಕೆಂದು ಡೋಲೊ 650, ರಾತ್ರಿ ಮತ್ತೆ ಮಿಶ್ರಣ ಎಂದಾದರೆ ಪ್ಯಾರಸಿಟಮಾಲ್ ಎಷ್ಟು ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ಹೆಚ್ಚಾದರೆ ಪೆಟ್ಟು ಬೀಳುವುದು ಲಿವರ್‌ಗೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರು ಓದಿಕೊಳ್ಳಬೇಕು.

ಎದೆಹಾಲಿಗೆ ಎಷ್ಟು ಹೋಗುತ್ತದೆ?

ತಾಯಿ ನುಂಗಿದ ಐಬುಪ್ರೊಫೆನ್‌ನಲ್ಲಿ ಹಾಲಿನ ಮೂಲಕ ಮಗುವಿಗೆ ತಲುಪುವುದು, ಮಗುವಿನ ತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೂ, ಶೇ 1ಕ್ಕಿಂತ ಕಡಿಮೆ. ಪ್ಯಾರಸಿಟಮಾಲ್ ಕೂಡ, ಜ್ವರ ಬಂದಾಗ ಮಗುವಿಗೆ ನೇರವಾಗಿ ಕೊಡುವ ಪ್ರಮಾಣಕ್ಕಿಂತ ತೀರಾ ಕಡಿಮೆ. ಹಾಲೂಡಿಸುವ ತಾಯಂದಿರಿಗೆ ಇವೆರಡೇ ಮೊದಲ ಆಯ್ಕೆ, ಇವು ಹಾಲನ್ನು ಬತ್ತಿಸುವುದೂ ಇಲ್ಲ. ಮಗುವಿನ ಹೀರುವಿಕೆ ಕಡಿಮೆಯಾದರೆ ಹಾಲು ಕಡಿಮೆಯಾಗುತ್ತದೆ. ನೋವಿನಿಂದ ಮುದುಡಿ ಮಲಗಿದ ತಾಯಿಗೆ ಮಗುವನ್ನು ಪದೇಪದೇ ಹಾಲಿಗೆ ಹಾಕಿಕೊಳ್ಳಲು ಆಗುವುದಿಲ್ಲ.

ಭಯಕ್ಕೆ ನಿಜವಾದ ಕಾರಣ ಇರುವುದು ಬೇರೆ ಔಷಧಗಳಲ್ಲಿ. ಕೋಡೀನ್ ಮತ್ತು ಟ್ರಮಡಾಲ್ ಅನ್ನು ದೇಹ ಇನ್ನೂ ಬಲವಾದ ರೂಪಕ್ಕೆ ಬದಲಾಯಿಸುತ್ತದೆ. ಕೆಲವರ ಶರೀರದಲ್ಲಿ ಹುಟ್ಟಿನಿಂದಲೇ ಈ ಕೆಲಸ ಅತಿ ವೇಗವಾಗಿ ನಡೆಯುತ್ತದೆ, ಆಗ ಹಾಲಿನಲ್ಲೂ ಔಷಧದ ಅಂಶ ಹೆಚ್ಚಬಹುದು. 2005ರಲ್ಲಿ ಕೆನಡಾದ ಟೊರೊಂಟೊದಲ್ಲಿ ಕೋಡೀನ್ ತೆಗೆದುಕೊಳ್ಳುತ್ತಿದ್ದ ತಾಯಿಯ 13 ದಿನದ ಮಗು ಸತ್ತ ಪ್ರಕರಣ ಜಗತ್ತಿನಾದ್ಯಂತ ಚರ್ಚೆಯಾಯಿತು. ಸಾವಿಗೆ ಹಾಲಿನ ಮೂಲಕ ಬಂದ ಔಷಧವೇ ಕಾರಣ ಎಂಬುದನ್ನು ಮುಂದೆ ಕೆಲವು ತಜ್ಞರು ಪ್ರಶ್ನಿಸಿದ್ದಾರೆ. ಆದರೂ ಹಾಲೂಡಿಸುವ ತಾಯಂದಿರು ಇವೆರಡನ್ನೂ ತೆಗೆದುಕೊಳ್ಳಬಾರದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು.

ನಮ್ಮಲ್ಲಿ ಸಿಸೇರಿಯನ್ ನಂತರ ಟ್ರಮಡಾಲ್ ಬಳಸುವುದುಂಟು. ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಒಂದೆರಡು ಡೋಸ್ ಕೊಡುವುದು ಒಂದು, ಡಿಸ್ಚಾರ್ಜ್ ಚೀಟಿಯಲ್ಲಿ ವಾರಕ್ಕೆ ಬರೆದುಕೊಡುವುದು ಇನ್ನೊಂದು. ಚೀಟಿಯಲ್ಲಿ ಆ ಹೆಸರು ಕಂಡರೆ "ಹಾಲು ಕೊಡ್ತಿದ್ದಾಳೆ, ಬೇರೆ ಮಾತ್ರೆ ಆಗುತ್ತಾ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಯಾವ ಔಷಧವೇ ಇರಲಿ, ಮಗು ಎಬ್ಬಿಸಿದರೂ ಏಳದಷ್ಟು ಮಂಪರಾಗಿದ್ದರೆ, ಹಾಲು ಹೀರದಿದ್ದರೆ, ಉಸಿರಾಟ ವಿಚಿತ್ರವಾಗಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಷ್ಟು ದಿನ ಇರಬೇಕು?

ಇದಕ್ಕೆ ಇಡೀ ಜಗತ್ತಿಗೆ ಒಂದೇ ಉತ್ತರವಿಲ್ಲ. ಸಿಸೇರಿಯನ್ ಆದವರಿಗೆ ಕನಿಷ್ಠ 96 ಗಂಟೆಯ ಆಸ್ಪತ್ರೆ ವಾಸಕ್ಕೆ ವಿಮೆ ಕೊಡಲೇಬೇಕೆಂದು ಅಮೆರಿಕದಲ್ಲಿ 1996ರಲ್ಲೇ ಕಾನೂನು ಬಂತು. ಬ್ರಿಟನ್‌ನಲ್ಲಿ ಚೇತರಿಕೆ ಚೆನ್ನಾಗಿದ್ದರೆ 24 ಗಂಟೆಯ ನಂತರ ಮನೆಗೆ ಹೋಗುವ ಆಯ್ಕೆ ಕೊಡುತ್ತಾರೆ, ಆದರೆ ಅಲ್ಲಿ ಮಿಡ್‌ವೈಫ್ ಮನೆಗೇ ಬಂದು ನೋಡುತ್ತಾರೆ. ನಮ್ಮ ಖಾಸಗಿ ಆಸ್ಪತ್ರೆಗಳ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಮೂರು-ನಾಲ್ಕು ದಿನದ್ದು. ಒಂದು ದಿನ ಹೆಚ್ಚಾದರೆ ಬಿಲ್ ಎಷ್ಟು ಏರುತ್ತದೆ ಎಂದು ದಾಖಲಾಗುವ ಮುಂಚೆಯೇ ಕೇಳಿಟ್ಟುಕೊಂಡರೆ, ಜ್ವರ ಇರುವಾಗಲೂ ದುಡ್ಡಿನ ಚಿಂತೆಯಿಂದ ಡಿಸ್ಚಾರ್ಜ್ ಕೇಳುವ ಪರಿಸ್ಥಿತಿ ಬರುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಿಸೇರಿಯನ್ ಆದವರಿಗೆ 7 ದಿನದವರೆಗೆ ಊಟ, ಮನೆಗೆ ಬಿಡುವ ವಾಹನ ಕೂಡ. ಇದು ಕೇಂದ್ರದ ಯೋಜನೆ, ಮುಂಬೈನಲ್ಲಿರಲಿ ದೆಹಲಿಯಲ್ಲಿರಲಿ ಅನ್ವಯಿಸುತ್ತದೆ. ನಗದುರಹಿತ ವಿಮೆ ಇರುವವರನ್ನು "ಅಪ್ರೂವಲ್ ಬಂದಿಲ್ಲ" ಎಂದು ಸಂಜೆವರೆಗೆ ಕೂರಿಸುವುದು ಗೊತ್ತಿರುವ ಕಥೆ. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲೇ ಹೇಳಿದೆ.

ದಿನ ಎಣಿಸುವುದಕ್ಕಿಂತ ಬಾಣಂತಿಯ ಸ್ಥಿತಿ ನೋಡುವುದು ಒಳ್ಳೆಯದು. ಜ್ವರ ಇರಬಾರದು, ಬಿಪಿ ಹತೋಟಿಯಲ್ಲಿರಬೇಕು, ರಕ್ತಸ್ರಾವ ಇಳಿಮುಖವಾಗಿರಬೇಕು. ಕ್ಯಾತಿಟರ್ ತೆಗೆದ ಮೇಲೆ ತಾನಾಗಿ ಮೂತ್ರ ಹೋಗಬೇಕು. ಊಟ ಸೇರಬೇಕು, ಶೌಚಾಲಯಕ್ಕೆ ನಡೆದುಹೋಗಲು ಆಗಬೇಕು, ಮಾತ್ರೆಯಲ್ಲೇ ನೋವು ತಡೆಯುವಂತಿರಬೇಕು. ಮಗುವಿಗೆ ಕಾಮಾಲೆ ಹೆಚ್ಚುವುದು ಸಾಮಾನ್ಯವಾಗಿ ಮೂರರಿಂದ ಐದನೇ ದಿನ. ಹಾಗಾಗಿ ಬೇಗ ಮನೆಗೆ ಹೋದವರು ಎರಡು ದಿನದಲ್ಲಿ ಮಗುವನ್ನು ಮತ್ತೆ ತೋರಿಸಬೇಕು.

ಆಸ್ಪತ್ರೆಯಲ್ಲಿ ಭಾಷೆ ಬಾರದೆ ನೋವು ನುಂಗಿಕೊಂಡವರೂ ಇದ್ದಾರೆ. ಮರಾಠಿಯಲ್ಲಿ "ದುಖತಯ್", ತಮಿಳಿನಲ್ಲಿ "ವಲಿಕ್ಕುದು", ತೆಲುಗಿನಲ್ಲಿ "ನೊಪ್ಪಿಗಾ ಉಂದಿ", ಹಿಂದಿಯಲ್ಲಿ "ದರ್ದ್ ಹೋ ರಹಾ ಹೈ". ಜತೆಗೆ ಹತ್ತರಲ್ಲಿ ಎಷ್ಟು ನೋವು ಎಂದು ಬೆರಳಲ್ಲಿ ತೋರಿಸಿದರೂ ಸಾಕು.

ಮನೆಗೆ ಬಂದ ಮೇಲೆ

ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಸಿಸೇರಿಯನ್ ಆದವಳಿಗೆ ಇದು ದುಬಾರಿ: ನೀರು ಕಡಿಮೆಯಾದರೆ ಮಲಬದ್ಧತೆ, ಮುಕ್ಕಿದರೆ ಹೊಲಿಗೆಯ ಜಾಗದಲ್ಲಿ ನೋವು. ಬಿಸಿ ಮಾಡಿ ಆರಿಸಿದ ನೀರಾದರೂ ಬೇಕಾದಷ್ಟು ಕೊಡಲಿ. ಮೆಣಸಿನ ಸಾರು, ತುಪ್ಪದ ಅನ್ನಕ್ಕೆ ಅಡ್ಡಿಯಿಲ್ಲ, ಜತೆಗೆ ಸೊಪ್ಪು, ತರಕಾರಿ, ಬೇಳೆಯನ್ನು "ನಂಜು" ಎಂದು ದೂರ ಇಡುವುದು ಬೇಡ. ಎಣ್ಣೆ ಹಚ್ಚಿ ಎರೆಯುವವರು ಹೊಟ್ಟೆಯನ್ನು ತಿಕ್ಕುವುದು, ಗಾಯದ ಮೇಲೆ ಸುಡುನೀರು ಹೊಯ್ಯುವುದು ಬೇಡ. ಗಾಯಕ್ಕೆ ಅರಿಸಿನ, ಬೂದಿ ಹಚ್ಚುವುದೂ ಬೇಡ. ಸ್ನಾನವಾದ ಮೇಲೆ ಒತ್ತಿ ಒರೆಸಿ ಒಣಗಿಸಿದರೆ ಸಾಕು.

ದಿನವಿಡೀ ಮಲಗಿಸುವುದೂ ಸರಿಯಲ್ಲ. ಹೆರಿಗೆಯ ನಂತರ ಆರು ವಾರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು, ಮನೆಯೊಳಗಿನ ಓಡಾಟವೇ ಅದಕ್ಕೆ ತಡೆ. ಪುಣೆಯಿಂದಲೋ ಮುಂಬೈನಿಂದಲೋ ತವರಿಗೆ ರಾತ್ರಿಯಿಡೀ ಬಸ್‌ನಲ್ಲಿ ಹೊರಡುವ ಮುಂಚೆ ವೈದ್ಯರನ್ನು ಕೇಳಬೇಕು. ಹೋಗಲೇಬೇಕಾದರೆ ಎದ್ದು ಓಡಾಡಲು ಆಗುವ ರೈಲು ವಾಸಿ. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದು, ಪಕ್ಕಕ್ಕೆ ಹೊರಳಿ ಕೈಯೂರಿ ಏಳುವುದು ಸಣ್ಣ ಉಪಾಯಗಳಾದರೂ ದೊಡ್ಡ ಆರಾಮ ಕೊಡುತ್ತವೆ.

ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಮಾತ್ರೆಯ ಅಗತ್ಯ ತಾನಾಗಿ ಇಳಿಯುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ನೋವು ಏರುತ್ತಿದ್ದರೆ ಮಾತ್ರೆ ಹೆಚ್ಚಿಸಿ ಸುಮ್ಮನಾಗಬಾರದು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯ ಕೆಂಪಾಗಿ ಕೀವು ಬರುವುದು, ದುರ್ವಾಸನೆಯ ಸ್ರಾವ, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು, ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು ಇವೆಲ್ಲ ಬೆಳಗಾಗಲಿ ಎಂದು ಕಾಯುವಂಥವಲ್ಲ. ಹೆರಿಗೆಯ ನಂತರ ಬಿಪಿ ಹೆಚ್ಚು ಏರುವುದು ಮೂರರಿಂದ ಆರನೇ ದಿನದ ನಡುವೆ, ಅಂದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಹೊತ್ತಿಗೆ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ ನಿದ್ದೆಗೆಟ್ಟಿದ್ದಕ್ಕೆ ಎಂದು ಬಿಡದೆ ಬಿಪಿ ನೋಡಿಸಬೇಕು. ಆ್ಯಂಬುಲೆನ್ಸ್‌ಗೆ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108, ದೆಹಲಿಯಲ್ಲಿ 102ಕ್ಕೆ ಕರೆ ಮಾಡಬಹುದು.