ಕಾಗದದ ಮೇಲಿನ ಹೊಲ

ನಮ್ಮವರು ನಾಲ್ಕು ಜನ ಸೇರಿದ ಕಡೆ ಗ್ರೀನ್ ಕಾರ್ಡಿನ ಮಾತು, ಷೇರಿನ ಮಾತು ಮುಗಿದ ಮೇಲೆ ಈಗೀಗ ಜಮೀನಿನ ಮಾತು ಬಂದೇ ಬರುತ್ತದೆ. "ಅಟ್ಲಾಂಟಾ ಬಿಟ್ಟು ಎರಡು ಗಂಟೆ ಹೋದ್ರೆ ಇಪ್ಪತ್ತು ಎಕರೆ ಸಿಗುತ್ತಂತೆ ಕಣ್ರೀ." "ಕ್ಯಾರೊಲಿನಾದಲ್ಲಿ ಯಾರೋ ಕೋಳಿ ಫಾರ್ಮ್ ಮಾರ್ತಿದಾರಂತೆ." "ವರ್ಜೀನಿಯಾ ಕಡೆ ಒಂದು ಜಾಗ ಹಿಡಿದು ನಾಲ್ಕು ಹಸು ಕಟ್ಟಿದ್ರೆ ಹೇಗೆ?" ಇದನ್ನೆಲ್ಲ ಕೇಳುತ್ತ ನನಗೂ ಆಸೆ ಹುಟ್ಟಿತು. ನಾನು ಸಾಗರ ತಾಲ್ಲೂಕಿನವನು, ಅಲ್ಫಾರೆಟಾದಲ್ಲಿ ಸಾಫ್ಟ್‌ವೇರ್ ಕೆಲಸ. ದುಡ್ಡು ಹಾಕುವ ಮೊದಲು ಈ ನೆಲದ ಚರಿತ್ರೆ ತಿಳಿಯೋಣ ಅಂತ ಒಂದಷ್ಟು ಶನಿವಾರಗಳನ್ನು ಕೌಂಟಿ ದಾಖಲೆಗಳಿಗೂ ಇತಿಹಾಸದ ಪುಸ್ತಕಗಳಿಗೂ ಕೊಟ್ಟೆ. ಅದರಲ್ಲಿ ಕಂಡದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮಲ್ಲಿ ಈ ಆಸೆ ಹುಟ್ಟುವುದಕ್ಕೆ ಕಾರಣವೂ ಇದೆ. ಹೆಚ್ಚಿನವರು ಗದ್ದೆ, ಹೊಲ, ತೋಟ ನೋಡಿಕೊಂಡೇ ಬೆಳೆದವರು. ಆದರೆ ಊರಲ್ಲಿ ಕೊಳ್ಳೋಣವೆಂದರೆ ಆಗುವುದಿಲ್ಲ. ಅನಿವಾಸಿ ಭಾರತೀಯರಾಗಲಿ, ಒಸಿಐ ಕಾರ್ಡಿನವರಾಗಲಿ ಭಾರತದಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. ಆಗ "ಇನ್ನು ಯಾರು ಬೇಕಾದರೂ ಜಮೀನು ತಗೋಬಹುದು" ಅಂತ ಸುದ್ದಿಯಾಯಿತು. ಆ "ಯಾರು ಬೇಕಾದರೂ" ಎನ್ನುವುದರಲ್ಲಿ ನಾವಿಲ್ಲ. ಅದು ರಾಜ್ಯದ ಕಾನೂನು, ಫೆಮಾ ಕೇಂದ್ರದ್ದು. ಹಾಗಾಗಿ ನಮ್ಮ ಕಣ್ಣು ಇಲ್ಲಿಯ ನೆಲದ ಮೇಲೆ ಬೀಳುವುದು ಸಹಜ.

ಜಾರ್ಜಿಯಾದಲ್ಲಿ ಸ್ವಂತ ಮನೆ ಇರುವವರು ಒಮ್ಮೆ ನಿಮ್ಮ ಡೀಡ್ ತೆಗೆದು ನೋಡಿ. ಅದರಲ್ಲಿ "ಲ್ಯಾಂಡ್ ಲಾಟ್" ಇಂತಿಷ್ಟನೇ ನಂಬರು, ಇಂಥ ಡಿಸ್ಟ್ರಿಕ್ಟ್ ಅಂತ ಇರುತ್ತದೆ. ಮನೆ ಅಲ್ಫಾರೆಟಾ, ಕಮ್ಮಿಂಗ್ ಕಡೆ ಇದ್ದರೆ "ಸೆಕ್ಷನ್" ಅಂತ ಇನ್ನೊಂದು ಪದವೂ ಸೇರಿರುತ್ತದೆ. ನಮ್ಮ ಸರ್ವೆ ನಂಬರಿನ ಹಾಗೆ ಇದು ಅಂತ ನಾನು ಅಂದುಕೊಂಡಿದ್ದೆ. ಹೌದು, ಆದರೆ ಅದರ ಹಿಂದೆ ಒಂದು ಲಾಟರಿ ಇದೆ. 1805ರಿಂದ 1833ರವರೆಗೆ ಜಾರ್ಜಿಯಾ ಸರ್ಕಾರ ಎಂಟು ಸಲ ಚೀಟಿ ಎತ್ತಿ ಜಮೀನು ಹಂಚಿತು. 1832ರ ಲಾಟರಿಗಳಲ್ಲಿ ಹಂಚಿದ್ದು ಚೆರೋಕೀ ಜನರ ನೆಲ: 160 ಎಕರೆಯ ತುಂಡುಗಳು, ಚಿನ್ನ ಸಿಗಬಹುದೆಂಬ ಕಡೆ 40 ಎಕರೆಯ ತುಂಡುಗಳು. ಚಟಾಹೂಚೀ ನದಿಯ ಆಚೆ ದಡದ ಅಲ್ಫಾರೆಟಾ, ಜಾನ್ಸ್ ಕ್ರೀಕ್, ಕಮ್ಮಿಂಗ್, ಅಂದರೆ ನಾವು ಗಣಪತಿ ಕೂರಿಸುವ ಸಬ್‌ಡಿವಿಶನ್‌ಗಳೆಲ್ಲ ಆ ನೆಲದಲ್ಲೇ ಇವೆ.

ಚೆರೋಕೀಗಳು ಕಾಗದ ಗೊತ್ತಿಲ್ಲದ ಜನವಾಗಿರಲಿಲ್ಲ. ಅವರಿಗೆ ಸ್ವಂತ ಲಿಪಿ ಇತ್ತು, ಲಿಖಿತ ಸಂವಿಧಾನ ಇತ್ತು, 1828ರಿಂದ ಸ್ವಂತ ಪತ್ರಿಕೆಯೂ ಇತ್ತು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 1832ರಲ್ಲಿ, ಚೆರೋಕೀ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದು ಎಂದು ತೀರ್ಪನ್ನೂ ಕೊಟ್ಟಿತು. ಆದರೂ 1838ರಲ್ಲಿ ಸೈನ್ಯ ಬಂದು ಅವರನ್ನು ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಿತು. ಕಾಗದ ಇದ್ದರೆ ಸಾಲದು, ಅದನ್ನು ಮಾನ್ಯ ಮಾಡುವ ಸರ್ಕಾರವೂ ಬೇಕು ಎಂಬುದು ಇಲ್ಲಿಯ ಮೊದಲ ಪಾಠ.

ಅದೇ ಫೋರ್ಸೈತ್ ಕೌಂಟಿಯಲ್ಲಿ ಎಂಬತ್ತು ವರ್ಷಗಳ ನಂತರ ಇನ್ನೊಂದು ನಡೆಯಿತು. 1912ರಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಬೆದರಿಸಿ, ಬೆಂಕಿ ಹಚ್ಚಿ ಕೌಂಟಿಯಿಂದಲೇ ಓಡಿಸಿದರು. ಕೆಲವರು ಸಿಕ್ಕಷ್ಟಕ್ಕೆ ಮಾರಿ ಹೋದರು, ಕೆಲವರು ಬಿಟ್ಟೇ ಹೋದರು. ಬಿಟ್ಟು ಹೋದ ಹೊಲವನ್ನು ಪಕ್ಕದವರು ಉಳುತ್ತ, ತೆರಿಗೆ ಕಟ್ಟುತ್ತ ಬಂದರೆ, ವರ್ಷಗಳು ಕಳೆದ ಮೇಲೆ ಕಾನೂನಿನ ಪ್ರಕಾರವೂ ಅವರದ್ದಾಗುತ್ತದೆ. ಇಂದು ಆ ಕೌಂಟಿಯಲ್ಲಿ ಸಾವಿರಾರು ಭಾರತೀಯ ಕುಟುಂಬಗಳಿವೆ. ನಾವು ಯಾರನ್ನೂ ಓಡಿಸಿಲ್ಲ ನಿಜ. ಆದರೆ ಕೊಳ್ಳುವ ನೆಲದ ಕಥೆ ಗೊತ್ತಿರುವುದು ಒಳ್ಳೆಯದು.

ಕ್ಯಾರೊಲಿನಾ ಕಡೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಅಂತರ್ಯುದ್ಧ ಮುಗಿಯುತ್ತ ಬಂದಾಗ, 1865ರ ಜನವರಿ 16ರಂದು, ಜನರಲ್ ಶೆರ್ಮನ್ ಸವಾನಾದಲ್ಲಿ ಒಂದು ಆದೇಶ ಹೊರಡಿಸಿದ. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಕರಾವಳಿಯ ದ್ವೀಪಗಳು, ಮಾಲೀಕರು ಬಿಟ್ಟು ಹೋದ ಭತ್ತದ ಗದ್ದೆಗಳು, ಇವನ್ನು ಬಿಡುಗಡೆಯಾದ ಗುಲಾಮರಿಗೆ ಕುಟುಂಬಕ್ಕೆ 40 ಎಕರೆ ಮೀರದಂತೆ ಕೊಡಬೇಕು ಅಂತ. ಸುಮಾರು 40,000 ಜನ ಅಲ್ಲಿ ನೆಲೆ ನಿಂತು ಬಿತ್ತಿದರು. ಆದರೆ ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಮಾಲೀಕರಿಗೆ ಕ್ಷಮೆ ಕೊಟ್ಟು ಜಮೀನನ್ನೂ ವಾಪಸ್ ಕೊಡಿಸಿದ. ಬಿತ್ತಿದವರ ಕೈಲಿ ಪಕ್ಕಾ ಹಕ್ಕುಪತ್ರ ಇರಲಿಲ್ಲ.

ಅಷ್ಟಾದರೂ ಆ ಜನ ಸುಮ್ಮನಿರಲಿಲ್ಲ. ಕೂಲಿ ಮಾಡಿ, ಡಾಲರಿಗೆ ಡಾಲರ್ ಕೂಡಿಸಿ ಕೊಂಡರು. 1910ರ ಹೊತ್ತಿಗೆ ಆಫ್ರಿಕನ್ ಅಮೆರಿಕನ್ ರೈತರ ಸ್ವಂತ ಜಮೀನು ಒಂದೂವರೆ ಕೋಟಿ ಎಕರೆ ಮುಟ್ಟಿತ್ತು. ಮುಂದಿನ ಮೂರು ತಲೆಮಾರಿನಲ್ಲಿ ಅದರ ಬಹುಪಾಲು ಕೈಬಿಟ್ಟಿತು. ಹಿಂಸೆ, ಸಾಲ, ಊರು ಬಿಟ್ಟು ಉತ್ತರಕ್ಕೆ ಹೋದದ್ದು ಎಲ್ಲ ಕಾರಣಗಳೇ. ಸಾಲದ ವಿಷಯಕ್ಕೆ ಒಂದು ಉದಾಹರಣೆ: ನಾರ್ತ್ ಕ್ಯಾರೊಲಿನಾದ ರೈತ ಟಿಮೊತಿ ಪಿಗ್‌ಫರ್ಡ್, ಕೃಷಿ ಇಲಾಖೆ ಸಾಲ ಕೊಡುವಾಗ ಕಪ್ಪು ರೈತರಿಗೆ ಭೇದ ಮಾಡುತ್ತದೆ ಎಂದು 1997ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಕೋರ್ಟಿಗೆ ಹೋದರು. 1999ರ ರಾಜಿಯಲ್ಲಿ ಸಾವಿರಾರು ರೈತರಿಗೆ ಒಟ್ಟು ಸುಮಾರು 100 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಹೊಲ ಕಳೆದುಕೊಂಡು ಎಷ್ಟೋ ವರ್ಷವಾದ ಮೇಲೆ!

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಕಾರಣ. ಇಲ್ಲಿ ಅದಕ್ಕೆ "ಏರ್ಸ್ ಪ್ರಾಪರ್ಟಿ" ಅನ್ನುತ್ತಾರೆ. ಅಜ್ಜ ಉಯಿಲು ಬರೆಯದೆ ಸತ್ತ. ಮಕ್ಕಳು ಖಾತೆ ಬದಲಾಯಿಸಲಿಲ್ಲ. ಮೊಮ್ಮಕ್ಕಳು ನ್ಯೂಯಾರ್ಕ್, ಶಿಕಾಗೋ ಸೇರಿದರು. ಜಮೀನು ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಚಂಡಮಾರುತ ಬಂದಾಗ ಸರ್ಕಾರದ ಪರಿಹಾರಕ್ಕೂ ತಾಪತ್ರಯ. ಕೊನೆಗೆ ಊರು ನೋಡದ ಒಬ್ಬ ಮೊಮ್ಮಗನ ಪಾಲನ್ನು ಡೆವಲಪರ್ ಒಬ್ಬ ಕೊಂಡು, "ಪಾಲು ಮಾಡಿ ಕೊಡಿ" ಅಂತ ಕೋರ್ಟಿಗೆ ಹೋಗುತ್ತಾನೆ. ಅಷ್ಟು ಪಾಲು ಮಾಡುವುದು ಸಾಧ್ಯವಿಲ್ಲವೆಂದು ಕೋರ್ಟು ಇಡೀ ಜಮೀನನ್ನು ಹರಾಜಿಗೆ ಹಾಕುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಉಳುತ್ತಿದ್ದವನು ಬೀದಿಗೆ. ಸೌತ್ ಕ್ಯಾರೊಲಿನಾದ ಕರಾವಳಿಯಲ್ಲಿ ಗಲ್ಲಾ ಜನ ಹೀಗೆ ಕಳೆದುಕೊಂಡ ನೆಲದಲ್ಲಿ ಇಂದು ರೆಸಾರ್ಟುಗಳಿವೆ. ಇದಕ್ಕೆ ತಡೆ ಹಾಕುವ ಕಾನೂನು ಬಂದದ್ದು ಈಚೆಗೆ: ಜಾರ್ಜಿಯಾದಲ್ಲಿ 2012, ಸೌತ್ ಕ್ಯಾರೊಲಿನಾದಲ್ಲಿ 2016, ವರ್ಜೀನಿಯಾದಲ್ಲಿ 2020. ಹರಾಜಿಗೆ ಮೊದಲು ಬೆಲೆ ಕಟ್ಟಿಸಿ, ಕುಟುಂಬದವರಿಗೇ ಆ ಪಾಲು ಕೊಳ್ಳುವ ಅವಕಾಶ ಕೊಡಬೇಕು ಎನ್ನುತ್ತದೆ ಅದು.

ಇದನ್ನು ಓದುವಾಗ ನನಗೆ ಕಂಡದ್ದು ನಮ್ಮ ಮನೆಯ ಪಹಣಿ.

ನಮ್ಮಜ್ಜ ಗೇಣಿದಾರ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲೇ 1951ರಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಶುರುವಾದ ತಕರಾರು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಫಲ ಸಿಗಲು ಇಪ್ಪತ್ಮೂರು ವರ್ಷ ಬೇಕಾಯಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಜ್ಜ ಫಾರಂ ನಂಬರ್ 7 ತುಂಬಿಸಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಎರಡೂವರೆ ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಓದು ಬರಹ ಬಾರದ ಮನುಷ್ಯ, ಆ ಕಾಗದವನ್ನು ಮಾತ್ರ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ.

ಅಜ್ಜ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಯಿತು. ಪಹಣಿಯಲ್ಲಿ ಇಂದಿಗೂ ಅವನದ್ದೇ ಹೆಸರು. ಉಳುವುದು ಚಿಕ್ಕಪ್ಪ. ವಾರಸುದಾರರು ಒಂಬತ್ತು ಜನ, ಸಾಗರ, ಬೆಂಗಳೂರು, ಪುಣೆ, ಅಟ್ಲಾಂಟಾ ಅಂತ ಹರಡಿಕೊಂಡಿದ್ದೇವೆ. ಕ್ಯಾರೊಲಿನಾದ ಭತ್ತದ ಗದ್ದೆಗೂ ನಮ್ಮ ಗದ್ದೆಗೂ ಏನು ವ್ಯತ್ಯಾಸ? 2020ರ ನಂತರ ಹೊರಗಿನವರು ಊರೂರಿಗೆ ಬಂದು ಜಮೀನು ಕೇಳುತ್ತಿದ್ದಾರೆ. ಒಂಬತ್ತರಲ್ಲಿ ಒಬ್ಬರು ಪಾಲು ಮಾರಿದರೂ ಚಿಕ್ಕಪ್ಪನ ಬೇಸಾಯಕ್ಕೆ ಕುತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಒಬ್ಬ ವಾರಸುದಾರ ತನ್ನ ಪಾಲು ಮಾರುವಾಗ ಉಳಿದ ವಾರಸುದಾರರಿಗೆ ಕೊಳ್ಳುವ ಆದ್ಯತೆ ಇದೆ. ಕೃಷಿ ಜಮೀನಿಗೂ ಅದು ಅನ್ವಯ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಆದರೆ ಕೋರ್ಟು ಮೆಟ್ಟಿಲು ಹತ್ತಿ ಅದನ್ನು ಪಡೆಯುವ ಶಕ್ತಿ ಚಿಕ್ಕಪ್ಪನಿಗಿದೆಯೇ?

ಹಾಗಾಗಿ ಜಾರ್ಜಿಯಾದ ಇಪ್ಪತ್ತು ಎಕರೆಗಿಂತ ಮೊದಲು ಆ ಎರಡೂವರೆ ಎಕರೆ ಅಂತ ತೀರ್ಮಾನಿಸಿದೆ. ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ. ಅದು ಮುಗಿದ ಮೇಲೆ 11ಇ ನಕ್ಷೆ, ವಿಭಾಗ ಪತ್ರ. ಫೋನಿನಲ್ಲಿ ಅತ್ತೆಯರ ಹತ್ತಿರ ಮಾತಾಡಿದಾಗ ದೊಡ್ಡತ್ತೆ ಹೇಳಿದ್ದು: "ಪಾಲು ಬೇಡ ಮಗ, ನಿನ್ನ ಚಿಕ್ಕಪ್ಪನೇ ಉಣ್ಣಲಿ. ಆದ್ರೆ ಒಂದ್ಸಲ ನನ್ ಹೆಸರು ಅದ್ರಾಗೆ ಬರ್ಲಿ." ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸುವ ಚಾಳಿ ನಮ್ಮ ಕಡೆ ಇನ್ನೂ ಇದೆ. ಅದು ಅನ್ಯಾಯವೂ ಹೌದು, ನಾಳಿನ ವ್ಯಾಜ್ಯಕ್ಕೆ ಬೀಜವೂ ಹೌದು.

ಇಲ್ಲಿ ಕುಳಿತವರು ನೆನಪಿಡಬೇಕಾದ ಎರಡು ವಿಷಯ. ಕೃಷಿ ಜಮೀನು ನಮಗೆ ವಾರಸಾಗಿ ಬರಬಹುದು, ದಾನವಾಗಿ ಬರುವಂತಿಲ್ಲ. "ಅಪ್ಪ ಬದುಕಿದ್ದಾಗಲೇ ದಾನಪತ್ರ ಮಾಡಿಸಿಬಿಡೋಣ" ಎನ್ನುವ ಸಲಹೆ ಅನಿವಾಸಿಗಳಿಗೆ ಹೊಂದುವುದಿಲ್ಲ. ಉಯಿಲು ಬರೆಸುವುದು ದಾರಿ. ಇನ್ನೊಂದು, ಇಲ್ಲಿಂದ ಕಳಿಸುವ ಪವರ್ ಆಫ್ ಅಟಾರ್ನಿ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಹಾಗಾದರೆ ಇಲ್ಲಿ ಕೊಳ್ಳಲೇಬಾರದೇ? ಹಾಗಲ್ಲ. ನಮ್ಮ ದೇಶದವರು ಇಲ್ಲಿ ಹೊಲ ಮಾಡಿದ್ದು ಇಂದು ನಿನ್ನೆಯದಲ್ಲ. ಕ್ಯಾಲಿಫೋರ್ನಿಯಾಗೆ ಬಂದ ಪಂಜಾಬಿಗಳು ನೂರು ವರ್ಷದ ಹಿಂದೆಯೇ ಬೇಸಾಯ ಮಾಡಿದರು. 1913ರ ಕಾನೂನು ಪೌರತ್ವಕ್ಕೆ ಅರ್ಹರಲ್ಲದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆಗ ಅವರು ನಂಬಿಕಸ್ಥ ಬಿಳಿಯರ ಹೆಸರಲ್ಲಿ, ಇಲ್ಲಿ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಇಟ್ಟು ದಿನ ದೂಡಿದರು. 1946ರಲ್ಲಿ ಪೌರತ್ವದ ಬಾಗಿಲು ತೆರೆಯಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಆ ಭೂಕಾನೂನು ಬಿದ್ದುಹೋಯಿತು. ಅಲ್ಲಿನ ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಕಾಂಗ್ರೆಸ್ಸಿಗೇ ಆರಿಸಿಬಂದರು.

ಇಂದು ಹೊಸ ಕಾನೂನುಗಳು ಬರುತ್ತಿವೆ. ವರ್ಜೀನಿಯಾ 2023ರಲ್ಲಿ, ಜಾರ್ಜಿಯಾ 2024ರಲ್ಲಿ, ಚೀನಾದಂಥ ಕೆಲವು "ವೈರಿ" ದೇಶಗಳಿಗೆ ಸೇರಿದವರು ಕೃಷಿ ಜಮೀನು ಕೊಳ್ಳುವುದಕ್ಕೆ ನಿರ್ಬಂಧ ಹಾಕಿದವು. ಭಾರತ ಆ ಪಟ್ಟಿಯಲ್ಲಿಲ್ಲ. ಆದರೆ 1978ರ ಫೆಡರಲ್ ಕಾನೂನೊಂದು ನಮಗೂ ತಗಲುತ್ತದೆ: ಗ್ರೀನ್ ಕಾರ್ಡ್ ಇಲ್ಲದ, ಉದಾಹರಣೆಗೆ ಎಚ್-1ಬಿ ವೀಸಾದವರು, 10 ಎಕರೆ ಅಥವಾ ಹೆಚ್ಚು ಕೃಷಿ ಜಮೀನು ಕೊಂಡರೆ 90 ದಿನದೊಳಗೆ ಕೃಷಿ ಇಲಾಖೆಗೆ ವರದಿ ಕೊಡಬೇಕು. ಕೊಡದಿದ್ದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೂ ಹೋಗಬಹುದು. ಜಾರ್ಜಿಯಾದಲ್ಲಿ ಕೃಷಿ ಜಮೀನಿಗೆ ತೆರಿಗೆ ರಿಯಾಯಿತಿ ಬೇಕಾದರೆ ಹತ್ತು ವರ್ಷದ ಕರಾರು ಬರೆದುಕೊಡಬೇಕು. ವ್ಯಕ್ತಿಯ ಹೆಸರಲ್ಲಿದ್ದರೆ ಅದು ನಾಗರಿಕರಿಗೆ ಮಾತ್ರ. ಮಾರುವವನು "ತೆರಿಗೆ ಬಹಳ ಕಡಿಮೆ" ಅಂದರೆ, ಯಾರಿಗೆ ಕಡಿಮೆ ಅಂತ ಕೇಳಿ.

ಕೋಳಿ ಫಾರ್ಮಿನ ಬಗ್ಗೆಯೂ ಒಂದು ಮಾತು. ಅಟ್ಲಾಂಟಾದ ಉತ್ತರಕ್ಕಿರುವ ಗೇನ್ಸ್‌ವಿಲ್‌ನಲ್ಲಿ ಮೇವಿನ ವ್ಯಾಪಾರಿ ಜೆಸ್ಸಿ ಜ್ಯುವೆಲ್ 1930ರ ದಶಕದಲ್ಲಿ ಬಡ ರೈತರಿಗೆ ಮರಿ, ಮೇವು ಸಾಲವಾಗಿ ಕೊಟ್ಟು ಬೆಳೆದ ಕೋಳಿ ತಾನೇ ಕೊಳ್ಳುವ ಪದ್ಧತಿ ಬೆಳೆಸಿದ. ಇಂದಿಗೂ ಅದೇ: ಮರಿ ಕಂಪನಿಯದು, ಮೇವು ಕಂಪನಿಯದು, ಶೆಡ್ಡು, ಗೊಬ್ಬರ, ಬ್ಯಾಂಕಿನ ಸಾಲ ನಮ್ಮದು. ಮುಂದಿನ ಬ್ಯಾಚಿಗೆ ಮರಿ ಕಳಿಸುವುದೂ ಬಿಡುವುದೂ ಕರಾರಿನ ಮೇಲೆ ನಿಂತಿದೆ. ನಮ್ಮಜ್ಜನಾಗಿದ್ದರೆ ಇದನ್ನೂ ಗೇಣಿ ಅಂತಲೇ ಕರೆಯುತ್ತಿದ್ದನೇನೋ. 2024ರ ಫೆಬ್ರವರಿಯಿಂದ ಕೋಳಿ ಕಂಪನಿಗಳು ಸಾಕಣೆದಾರರಿಗೆ ಆದಾಯದ ವಿವರಗಳನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮ ಬಂದಿದೆ. ಅದನ್ನು ಕೇಳಿ ಪಡೆದು, ಓದಿ, ಆಮೇಲೆ ಸಹಿ ಹಾಕಿ.

ಉಳುವವನೇ ಭೂಮಿಯ ಒಡೆಯ ಎಂಬ ಮಾತು ಕೇಳಿ ಬೆಳೆದವರು ನಾವು. ಆ ಮಾತು ನಿಜವಾಗಿದ್ದು ಫಾರಂ 7 ತುಂಬಿದ ಮೇಲೆ. ಗೆಳೆಯರೆ, ಈ ಸಲ ಊರಿಗೆ ಹೋದಾಗ ನೆಂಟರ ಮನೆ, ದೇವಸ್ಥಾನದ ಜೊತೆ ನಾಡಕಚೇರಿಗೂ ಒಂದು ಬೆಳಗ್ಗೆ ಕೊಡಿ. ಒಂದು ಪಹಣಿ ತೆಗೆಸಿ, ಅದರಲ್ಲಿ ಯಾರ ಹೆಸರಿದೆ ನೋಡಿ. ಬದುಕಿರುವವರ ಹೆಸರಿದ್ದರೆ ಸಂತೋಷ. ಇಲ್ಲದಿದ್ದರೆ ಕೆಲಸ ಅಲ್ಲಿಂದಲೇ ಶುರು.